ಎರಡು ಮೂರು ದೇಶದ ದುಡ್ಡಲ್ಲಿ ಕನ್ನಡ ಸಿನಿಮಾ: ಮಾಡಿದವರು ಅನುಭವ ಹೇಳಿ

ಮಂಡ್ಯ_ಹೊಸಬ: ಎಲ್ಲರಿಗೂ ನಮಸ್ಕಾರ. ಮೊದಲ ಫೀಚರ್ ಸ್ಕ್ರಿಪ್ಟ್ ರೆಡಿ ಇದೆ. ಕಥೆ ಅರ್ಧ ಮಂಡ್ಯದಲ್ಲಿ, ಅರ್ಧ ಜರ್ಮನಿಯಲ್ಲಿ ನಡೆಯುತ್ತದೆ. ಗೋವಾದ ಫಿಲ್ಮ್ ಬಜಾರ್‌ನಲ್ಲಿ ಸಿಕ್ಕ ಬರ್ಲಿನ್ ಪ್ರೊಡ್ಯೂಸರ್ ಒಬ್ಬರು ಜೊತೆಗೆ ಬರುತ್ತೇನೆ ಅಂದಿದ್ದಾರೆ. ಕೆಲಸ ಬಿಟ್ಟು ಅಲ್ಲಿಗೇ ಹೋಗಬೇಕಾ? ಇಲ್ಲೇ ಇದ್ದುಕೊಂಡು ಮಾಡಬಹುದಾ? ಒಪ್ಪಂದದಲ್ಲಿ ಭಾರತದ ಹಕ್ಕು, ಅಂದರೆ ಇಲ್ಲಿ ಸಿನಿಮಾ ತೋರಿಸುವ, ಮಾರುವ ಹಕ್ಕು, ನನ್ನ ಹತ್ತಿರವೇ ಉಳಿಯಬೇಕು ಅಂತ ಕೇಳಬಹುದಾ?

ಬರ್ಲಿನ್_ಬಸವ: ನಾನು ಹೋದವನು. ಇವತ್ತಿಗೂ ಇಲ್ಲೇ ಇದ್ದೇನೆ. ಸರಿಯಾಗೇ ಮಾಡಿದೆ ಅಂತಲೇ ಹೇಳುತ್ತೇನೆ. ಆದರೆ ದುಡ್ಡಿನ ಲೆಕ್ಕ ಕೇಳಿ. ಬರ್ಲಿನಾಲೆ (ಬರ್ಲಿನ್ ಚಿತ್ರೋತ್ಸವ) ಅವರ ವರ್ಲ್ಡ್ ಸಿನಿಮಾ ಫಂಡ್‌ಗೆ ಜರ್ಮನ್ ಪಾಲುದಾರ ಬೇಕು, ಆದರೆ ಆ ದುಡ್ಡು ಅವರ ಪಟ್ಟಿಯಲ್ಲಿರುವ ಪ್ರದೇಶಗಳಲ್ಲೇ ಖರ್ಚಾಗಬೇಕು. ಜರ್ಮನಿಯ ಪ್ರಾದೇಶಿಕ ಫಂಡ್ ಉಲ್ಟಾ: ಕೊಟ್ಟಿದ್ದನ್ನು ಅವರ ರಾಜ್ಯದಲ್ಲೇ ಸುರಿಯಬೇಕು. ಹಾಗಾಗಿ ನನ್ನ ಸೌಂಡ್ ಮಿಕ್ಸಿಂಗ್ ಬರ್ಲಿನ್‌ನಲ್ಲಿ ಆಯಿತು, 22,000 ಯೂರೋ. ಚೆನ್ನೈನಲ್ಲಿ ಅದಕ್ಕೇ 6 ಲಕ್ಷದ ಕೊಟೇಷನ್ ಇತ್ತು! ಇದರ ಮೇಲೆ ಪ್ರೊಡ್ಯೂಸರ್ ಫೀ, ಆಫೀಸ್ ಖರ್ಚು, ಆಡಿಟರ್, ವಕೀಲರು. ಎಲ್ಲರೂ ತಮ್ಮ ಪಾಲು ತೆಗೆದುಕೊಂಡ ಮೇಲೆ ಡೈರೆಕ್ಟರ್ ಸಂಬಳ. ಕೊನೆಯ ಕಂತು ಆಡಿಟ್ ಮುಗಿಯುವವರೆಗೂ ಬರಲ್ಲ. ಆ ಗ್ಯಾಪ್‌ನಲ್ಲಿ ಊರಿನಲ್ಲಿ ನೂರಕ್ಕೆ ಎರಡರ ಬಡ್ಡಿಗೆ ಕೈಸಾಲ ಎತ್ತಿದ್ದೇನೆ, ಅಸಲು ಇನ್ನೂ ಹಾಗೇ ಇದೆ. ಬಡ್ಡಿ ಅಪ್ಪ ಕಟ್ಟುತ್ತಿದ್ದಾರೆ.

ಒಂದು ಒಳ್ಳೆಯದು ಹೇಳಬೇಕು. ಇಲ್ಲಿ ಕಲಾವಿದರಿಗೆ ಕೆಎಸ್‌ಕೆ ಅಂತ ಇದೆ. ಅದಕ್ಕೆ ಸೇರಿದರೆ ಆರೋಗ್ಯ ವಿಮೆ, ಪಿಂಚಣಿ ಕಂತಿನ ಅರ್ಧದಷ್ಟು ಅವರೇ ಹಾಕುತ್ತಾರೆ. ಗಾಂಧಿನಗರದಲ್ಲಿ ಯಾರು ಕೊಡುತ್ತಾರೆ ಹೇಳಿ?

ಸಾಗರದ_ಸುಮ: ಕೆಎಸ್‌ಕೆ ಇಟ್ಟುಕೊಂಡು ಬರ್ಲಿನ್ ಬಾಡಿಗೆ ಕಟ್ಟಿ ಸಾರ್, ಸಂತೋಷ. ನಾನು ಎಲ್ಲೂ ಹೋಗಲಿಲ್ಲ. ಅಡಿಕೆ ಮಾರಿದ ದುಡ್ಡು, ಅಣ್ಣನ ಪಿಎಫ್, ಸೇರಿ 31 ಲಕ್ಷದಲ್ಲಿ ಮುಗಿಸಿದೆ. ನಟರೆಲ್ಲ ಊರಿನವರೇ. ಸಿಂಕ್ ಸೌಂಡ್, ಅಂದರೆ ಡಬ್ಬಿಂಗ್ ಇಲ್ಲ, ಶೂಟಿಂಗ್ ಜಾಗದಲ್ಲೇ ದನಿ ಹಿಡಿದದ್ದು. ಜುಲೈನಲ್ಲಿ ಶೂಟಿಂಗ್ ಇಟ್ಟೆವು, ಮಳೆ ಬೇಕಿತ್ತು. ಬಂತು, ನಿಲ್ಲಲೇ ಇಲ್ಲ. ಜನರೇಟರ್ ಡೀಸೆಲ್‌ಗೇ 1,86,000. ಲೆನ್ಸ್‌ಗೆ ಫಂಗಸ್ ಹಿಡಿದು ಬಾಡಿಗೆಯವರಿಗೆ 74,000 ದಂಡ ಕಟ್ಟಿದ್ದೇವೆ, ಬಿಲ್ ಇಟ್ಟುಕೊಂಡಿದ್ದೇನೆ.

ನಮ್ಮ ಕಡೆಯಿಂದಲೇ ಹೊರಗೆ ಹೋಗುವ ದಾರಿ ಇಲ್ಲ ಅಂತ ಯಾರು ಹೇಳಿದ್ದು? 'ತಿಥಿ' ಮಂಡ್ಯದ ಹಳ್ಳಿಯವರನ್ನೇ ಇಟ್ಟುಕೊಂಡು 2015ರಲ್ಲಿ ಸ್ವಿಟ್ಜರ್‌ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ 'ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್' ವಿಭಾಗದ ಗೋಲ್ಡನ್ ಲೆಪರ್ಡ್ ತಂತು. 'ಪೆದ್ರೊ' 2021ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವಕ್ಕೆ ಹೋಯಿತು. ಮರುವರ್ಷ 'ಶಿವಮ್ಮ' ಅಲ್ಲೇ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಈ ಎರಡಕ್ಕೂ ದುಡ್ಡು ಹಾಕಿದ್ದು ರಿಷಬ್ ಶೆಟ್ಟಿ. ಜರ್ಮನ್ ಆಡಿಟರ್ ಅಲ್ಲ.

ಬರ್ಲಿನ್_ಬಸವ: ಎಲ್ಲರಿಗೂ ರಿಷಬ್ ಶೆಟ್ಟಿ ಸಿಗಲ್ಲ ಮೇಡಂ. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ ಗೆದ್ದ ಪಾಯಲ್ ಕಪಾಡಿಯಾ ಸಿನಿಮಾಗೆ ಫ್ರಾನ್ಸ್, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಇಟಲಿ ದುಡ್ಡು ಸೇರಿದೆ. ಅದನ್ನೂ ಹೇಳಿ.

ಸಾಗರದ_ಸುಮ: ಹೇಳುತ್ತೇನೆ. ಅಷ್ಟು ದೊಡ್ಡ ಪ್ರಶಸ್ತಿ ಬಂದ ಮೇಲೂ ಆಸ್ಕರ್‌ಗೆ ನಮ್ಮ ಫಿಲ್ಮ್ ಫೆಡರೇಷನ್ ಕಳಿಸಿದ್ದು 'ಲಾಪತಾ ಲೇಡೀಸ್'. ಹೊರಗಿನ ದುಡ್ಡು ಬಂದರೆ ಇಲ್ಲಿ ನೀವು ನೆಂಟರ ಲೆಕ್ಕ. ನನಗೂ ಮಲ್ಟಿಪ್ಲೆಕ್ಸ್‌ನಲ್ಲಿ ಬೆಳಿಗ್ಗೆ ಹತ್ತೂವರೆ ಶೋ ಕೊಟ್ಟರು, ಅದು ಬೇರೆ ಹೊಟ್ಟೆಕಿಚ್ಚು ಬಿಡಿ.

ಪೆಟ್ಟಿಗೆ_ಹೊರುವವ: ಇಬ್ಬರೂ ಸ್ವಲ್ಪ ಸುಮ್ನಿರಿ. ನಾನು ಡಾಕ್ಯುಮೆಂಟರಿ ಕ್ಯಾಮೆರಾದವನು. ಕಾರ್ನೆ ಬಗ್ಗೆ ಯಾರೂ ಮಾತಾಡಲ್ಲ. ಸಾಮಾನು ಹೊತ್ತು ಗಡಿ ದಾಟಬೇಕಾದರೆ ಎಟಿಎ ಕಾರ್ನೆ ಬೇಕು, ಅಂದರೆ ವಾಪಸ್ ತರುವ ಸಾಮಾನನ್ನು ಸುಂಕವಿಲ್ಲದೆ ಒಯ್ಯುವ ಕಸ್ಟಮ್ಸ್ ಪತ್ರ, ಇಲ್ಲಿ ಉದ್ಯಮಿಗಳ ಸಂಘ ಫಿಕ್ಕಿ ಕೊಡುತ್ತದೆ. ಪ್ರತಿ ಲೆನ್ಸ್, ಪ್ರತಿ ಬ್ಯಾಟರಿಯ ಸೀರಿಯಲ್ ನಂಬರ್, ಮೇಲೆ ಬ್ಯಾಂಕ್ ಗ್ಯಾರಂಟಿ. ಜರ್ಮನಿಯಿಂದ ಫ್ರಾನ್ಸ್‌ಗೆ ಹೋದರೆ ಸೀಲು ಬೇಡ. ಸ್ವಿಟ್ಜರ್‌ಲೆಂಡ್‌ಗೆ ಬೇಕೇ ಬೇಕು, ಅದು ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಭಾನುವಾರ ಬಾಸೆಲ್‌ಗೆ ಟ್ರೈನ್ ಹತ್ತಿಸಿದರು. ಕಸ್ಟಮ್ಸ್ ಕೌಂಟರ್ ಬಾಗಿಲು ಹಾಕಿತ್ತು. ಸೀಲು ಇಲ್ಲ. ಆಮೇಲೆ ಸುಂಕ ಕೇಳಿ ಕ್ಲೇಮ್ ನೋಟಿಸ್, ಗ್ಯಾರಂಟಿಯ ಎಫ್‌ಡಿ ತಿಂಗಳುಗಟ್ಟಲೆ ಒತ್ತೆಯಲ್ಲಿ. ಮಗಳ ಕಾಲೇಜ್ ಫೀಸ್ ಅದರಲ್ಲೇ ಇತ್ತು.

ಇನ್ನೊಂದು, ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಶೂಟ್ ಮಾಡಿ. ಯುರೋಪ್ ಟಿವಿ ಎಲ್ಲಾ 25.

ಮಿಕ್ಸಿಂಗ್_ಮಾಮ: ದಯವಿಟ್ಟು ಇಂಥ ಸಲಹೆ ಕೊಡಬೇಡಿ ಸ್ವಾಮಿ. ಥಿಯೇಟರ್‌ಗೆ ಕೊಡುವ ಡಿಜಿಟಲ್ ಪ್ರಿಂಟ್, ಡಿಸಿಪಿ, ಎಲ್ಲ ಕಡೆ ನಂಬಿಕೆಯಿಂದ ಓಡುವುದು 24ರಲ್ಲಿ. 25ರಲ್ಲಿ ತೆಗೆದದ್ದನ್ನು 24ಕ್ಕೆ ಇಳಿಸಿದರೆ 100 ನಿಮಿಷದ ಸಿನಿಮಾ 104 ನಿಮಿಷ ಆಗುತ್ತದೆ, ದನಿ ದಪ್ಪ ಆಗುತ್ತದೆ. ಪಿಚ್ ಸರಿಮಾಡಿ ಅಂತ ಒಬ್ಬರು ನನ್ನ ಬೆನ್ನು ಹತ್ತಿ, ಕೆಲಸ ಮುಗಿದ ಮೇಲೆ 40,000 ಬಾಕಿ ಉಳಿಸಿ ಫೋನ್ ಎತ್ತುವುದನ್ನೇ ಬಿಟ್ಟರು. ಇವರೆಲ್ಲ ಈಗ ಜ್ಯೂರಿ!

ಪೆಟ್ಟಿಗೆ_ಹೊರುವವ: ನಾನು ಹೇಳಿದ್ದು ಟಿವಿಗೆ. ಓದಿ ಮಾತಾಡಿ ಮಾಮ. ನನ್ನ ಹೊಟ್ಟೆ ತುಂಬಿಸಿದ್ದು ಟಿವಿ, ಥಿಯೇಟರ್ ಅಲ್ಲ.

ಬರ್ಲಿನ್_ಬಸವ: ಮುಂಬೈ ಟಿವಿಯವರಿಗೆ ಕೊಡುವಾಗಲೂ 25 ಕೇಳಿದ್ದರು. ಮಾಮನಿಗೆ ಗೊತ್ತಿಲ್ಲ ಅನಿಸುತ್ತದೆ.

ಮಿಕ್ಸಿಂಗ್_ಮಾಮ: 22,000 ಯೂರೋ ಕೊಟ್ಟು ಮಿಕ್ಸಿಂಗ್ ಮಾಡಿಸಿದವರಿಂದ ನಾನು ಕಲಿಯಬೇಕಾ?

ಮಂಡ್ಯ_ಹೊಸಬ: ಸರ್, ಮೇಡಂ, ಭಾರತದ ಹಕ್ಕಿನ ಬಗ್ಗೆ...

ಸಾಗರದ_ಸುಮ: ಇಟ್ಟುಕೊಳ್ಳಿ ತಮ್ಮಾ, ಬಿಡಬೇಡಿ. ದೇಶದೇಶಕ್ಕೆ ಸಿನಿಮಾ ಮಾರುವ ಸೇಲ್ಸ್ ಏಜೆಂಟ್ ಕೈಗೆ ಹೋದರೆ ಕಮಿಷನ್, ಫೆಸ್ಟಿವಲ್ ಖರ್ಚು ಎಲ್ಲ ಹಿಡಿದುಕೊಂಡ ಮೇಲೆ ಉಳಿದದ್ದು ನಿಮಗೆ. ನನ್ನ ಗೆಳತಿಗೆ ಇದುವರೆಗೆ ಸ್ಟೇಟ್‌ಮೆಂಟ್ ಮಾತ್ರ ಬಂದಿದೆ. ಮತ್ತೆ, ಬೆಂಗಳೂರಿನಲ್ಲಿ ಮೊದಲು ತೋರಿಸಬೇಡಿ. ದೊಡ್ಡ ಫೆಸ್ಟಿವಲ್‌ನ ಸ್ಪರ್ಧೆಗೆ ವರ್ಲ್ಡ್ ಪ್ರೀಮಿಯರ್ ಬೇಕು ಅಂತಾರೆ.

ಬರ್ಲಿನ್_ಬಸವ: ಅಂದರೆ ನಮ್ಮೂರಿನವರು ಕೊನೆಗೆ ನೋಡಬೇಕು. ಮೇಡಂ ಎಲ್ಲೂ ಹೋಗಲಿಲ್ಲ ಅಂದಿದ್ದರು, ಅಲ್ವಾ?

ಸಾಗರದ_ಸುಮ: ನಾನು ಹೋಗಲಿಲ್ಲ. ಸಿನಿಮಾ ಹೋಯಿತು. ಕೈಸಾಲ ತೀರಿಸಿ ಮಾತಾಡಿ.