ಪರ್ಪಲ್ ಹೈಬಿಸ್ಕಸ್: ಇದರಲ್ಲಿ ರಾಜಕೀಯ ಎಲ್ಲಿದೆ?

ಪ್ರಶ್ನೆ:
ಚಿಮಮಾಂಡ ಎನ್‌ಗೋಜಿ ಅಡೀಚಿಯವರ ಈ ಕಾದಂಬರಿ (2003) ಓದುತ್ತಿದ್ದೇನೆ. ಮಗಳನ್ನು ಮಲಗಿಸಿದ ಮೇಲೆ ದಿನಾ ಹತ್ತು ಪುಟ. ನೈಜೀರಿಯಾದ ಸೇನಾಡಳಿತದ ಕಥೆ ಅಂತ ಗೆಳತಿ ಕೊಟ್ಟಳು. ಆದರೆ ಸೇನಾ ದಂಗೆಯ ಸುದ್ದಿ ರೇಡಿಯೋದಲ್ಲಿ ಬಂದು ಹೋಗುತ್ತೆ, ಅಷ್ಟೇ. ಜಾಸ್ತಿ ಇರುವುದು ಎನುಗು ಊರಿನ ಒಂದು ಮನೆ, ಹದಿನೈದರ ಕಂಬಿಲಿ, ಅವಳ ಅಪ್ಪ. ಆತ ತನ್ನ ಕಪ್ಪಿನಿಂದ ಒಂದು ಗುಟುಕು ಬಿಸಿ ಚಹಾ ಕೊಡುತ್ತಾನೆ. ನಾಲಿಗೆ ಸುಡುತ್ತೆ. ಅವಳಿಗೆ ಅದೇ ಪ್ರೀತಿ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ. ಮುಂದೆ ಓದಲೇ?

ಉತ್ತರ 1:
ರಾಜಕೀಯ ಆ ಅಪ್ಪನೊಳಗೇ ಇದೆ ಅಲ್ವಾ? ಪತ್ರಿಕೆ ನಡೆಸಿ ಸೇನೆಯನ್ನು ಎದುರು ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ಮಾತ್ರ ಮಕ್ಕಳು ಓದೋದಕ್ಕೂ ಮಲಗೋದಕ್ಕೂ ಅವನದೇ ವೇಳಾಪಟ್ಟಿ. ನಿಲ್ಲಿಸಬೇಡಿ.

ಉತ್ತರ 2:
ಪತ್ರಿಕೆಯ ಸಂಪಾದಕನ ಮೇಲೆ ಕಣ್ಣಿಡಿ. 1986ರಲ್ಲಿ ಲಾಗೋಸ್‌ನಲ್ಲಿ ಡೆಲೆ ಗಿವಾ ಎಂಬ ಸಂಪಾದಕರು ಮನೆಗೆ ಬಂದ ಪಾರ್ಸೆಲ್ ಬಾಂಬಿಗೆ ಬಲಿಯಾಗಿದ್ದರು. ಅಯ್ಯೋ, ಕಥೆ ಹೇಳಿಬಿಟ್ಟೆ ಅನ್ಸುತ್ತೆ, ಕ್ಷಮಿಸಿ.

ಉತ್ತರ 1:
ಹೇಳಿಯೇ ಬಿಟ್ಟಿರಿ ಸಾರ್!

ಪ್ರಶ್ನೆ ಕೇಳಿದವರು:
ಪರವಾಗಿಲ್ಲ ಸಾರ್. ನಿನ್ನೆ ಮತ್ತೆ ತೆಗೆದೆ. ಎನ್‌ಸುಕ್ಕಾ ಊರಿನಲ್ಲಿರುವ ಕಂಬಿಲಿಯ ಸೋದರತ್ತೆ ಮನೆಯಲ್ಲಿ ಪೆಟ್ರೋಲಿಗೂ ಪರದಾಟ, ಆದರೆ ನಗುವಿಗೆ ಬರವಿಲ್ಲ. ಕಂಬಿಲಿಗೆ ಸೊಪ್ಪು ಬಿಡಿಸೋಕೆ ಬರಲ್ಲ. ಅತ್ತೆ ಮಗಳು ರೇಗುತ್ತಾಳೆ. 'ಕೂಗಾಡಬೇಡ, ನನಗೆ ಬರಲ್ಲ, ತೋರಿಸಿಕೊಡು' ಅನ್ನುವಷ್ಟು ಬಾಯಿ ಬರುತ್ತೆ ಈ ಹುಡುಗಿಗೆ, ಕೊನೆಗೂ. ನಾನು ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಮಗಳು ಎದ್ದುಬಿಟ್ಟಳು.