ಸಹಾಯ ಬೇಕು: 16 ಧಾತು ಹೊಂದುತ್ತೆ, ಸ್ಟ್ರಾನ್ಶಿಯಂ ಮಾತ್ರ ಹೊಂದಲ್ಲ

ಎಲ್ಲರಿಗೂ ನಮಸ್ಕಾರ. ನಾನು ಫೊರೆನ್ಸಿಕ್ ಸೈನ್ಸ್ ಎಂಎಸ್ಸಿ ವಿದ್ಯಾರ್ಥಿನಿ. ಕಾರಿನ ಮುಂದಿನ ಗಾಜಿನ ಚೂರುಗಳನ್ನೂ, ಅಂಗಿಯ ಮೇಲೆ ಸಿಕ್ಕ ಒಂದು ಚೂರನ್ನೂ ಹೋಲಿಸುವ ಪ್ರಾಜೆಕ್ಟ್. ಅಂಗಿಯ ಚೂರು ಅಕ್ಕಿ ನುಚ್ಚಿಗಿಂತ ಚಿಕ್ಕದು.

ಲೇಸರ್ ಐಸಿಪಿ-ಎಂಎಸ್‌ನಲ್ಲಿ (ಲೇಸರ್‌ನಿಂದ ಗಾಜನ್ನು ಚೂರೇ ಕೆರೆದು ಯಾವ ಧಾತು ಎಷ್ಟಿದೆ ಅಂತ ಅಳೆಯುವ ಯಂತ್ರ) 17 ಧಾತು ಅಳೆದಿದ್ದೇನೆ. ಕಾರಿನ ಗಾಜಿನ 3 ಚೂರಿಂದ ಒಟ್ಟು 9 ಅಳತೆ, ಅಂಗಿಯ ಚೂರಿಂದ 3. ಗಾಜು ಹೋಲಿಸುವ ಮಾನದಂಡ ಎಎಸ್‌ಟಿಎಂ ಇ2927 ಪ್ರಕಾರ ಕಾರಿನ ಗಾಜಿನ ಸರಾಸರಿಯ ಎರಡೂ ಕಡೆ 4 ಎಸ್‌ಡಿಯಷ್ಟು (ಎಸ್‌ಡಿ ಅಂದ್ರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಲೆಕ್ಕ) ಜಾಗ ಬಿಡಬೇಕು. ಎಸ್‌ಡಿ ಸರಾಸರಿಯ 3%ಗಿಂತ ಕಮ್ಮಿ ಇದ್ದರೆ 3% ಅಂತಲೇ ಹಿಡಿಯಬೇಕು. ಸ್ಟ್ರಾನ್ಶಿಯಂ ಸರಾಸರಿ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ), ಎಸ್‌ಡಿ ಬರೀ 0.6. ಹಾಗಾಗಿ 1.5 ಹಿಡಿದೆ, ಮಿತಿ 44ರಿಂದ 56. ಅಂಗಿಯ ಚೂರು 56.8! ಉಳಿದ 16 ಸರಿಯಾಗಿ ಒಳಗಿವೆ.

ಒಂದು ಹೊರಗೆ ಹೋದರೂ ಬೇರೆ ಗಾಜು ಅನ್ನೋದು ನಿಯಮ. ಸ್ಟ್ರಾನ್ಶಿಯಂ ಅನ್ನು ಸುಮ್ನೆ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ, ಒಬ್ಬರ ಜೀವನದ ಪ್ರಶ್ನೆ ಅಲ್ವಾ. ಆದರೆ ಮುಂದಿನ ಗಾಜು ಅಂದ್ರೆ ಪ್ಲಾಸ್ಟಿಕ್ ಪದರದ ಎರಡೂ ಕಡೆ ಒಂದೊಂದು ಹಾಳೆ. ನನ್ನ 3 ಚೂರೂ ಹೊರಗಿನ ಹಾಳೆಯವು, ಅಂಗಿಯ ಚೂರು ಒಳಗಿನ ಹಾಳೆಯದೂ ಇರಬಹುದು. ಒಳಗಿನದನ್ನೂ ಅಳೆದು ಬೇರೆಯಾಗಿಯೇ ಹೋಲಿಸಬೇಕಾ?

ಇನ್ನೊಂದು. ಲೈಕ್ಲಿಹುಡ್ ರೇಶಿಯೋ (ಚೂರು ಇದೇ ಗಾಜಿನದಾದರೆ ಈ ಫಲಿತಾಂಶ ಬರುವ ಸಾಧ್ಯತೆ, ಬೇರೆ ಗಾಜಿನದಾದರೆ ಬರುವುದಕ್ಕಿಂತ ಎಷ್ಟು ಪಟ್ಟು ಅನ್ನೋದು) ಲೆಕ್ಕ ಹಾಕಲು ಹೋದೆ. 17 ಧಾತುವಿಗೆ 9 ಅಳತೆ ಸಾಲಲ್ಲ, ಕೋವೇರಿಯನ್ಸ್ ಮ್ಯಾಟ್ರಿಕ್ಸ್ (ಧಾತುಗಳು ಒಂದರ ಜೊತೆ ಒಂದು ಹೇಗೆ ಏರಿಳಿಯುತ್ತವೆ ಅನ್ನೋ ಕೋಷ್ಟಕ) ಇನ್ವರ್ಸ್ ಆಗ್ತಿಲ್ಲ, ಹಾಗಾಗಿ ಲೆಕ್ಕ ಮುಂದೆ ಹೋಗಲ್ಲ. ಧಾತು ಕಮ್ಮಿ ಮಾಡುವುದಾದರೆ ಯಾವುದನ್ನು ಇಟ್ಟುಕೊಳ್ಳಲಿ? ಫಲಿತಾಂಶ ನೋಡಿದ ಮೇಲೆ ಆರಿಸುವುದು ಮೋಸ ಅನ್ನಿಸುತ್ತೆ. ಇಂಥ ಡೇಟಾ ಜೊತೆ ಕೆಲಸ ಮಾಡಿದವರು ದಯವಿಟ್ಟು ದಾರಿ ಹೇಳಿ. ಎಕ್ಸೆಲ್ ಶೀಟ್ ಕಳಿಸಲು ತಯಾರಿದ್ದೇನೆ.