ಮಗನ ಮ್ಯಾಪ್ ಸ್ಕೋರ್ ಇಳಿದರೆ ಟೀಚರ್‌ಗೆ ತೊಂದರೆಯಾ?

ಡಾಲಸ್ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗ ನಾಲ್ಕನೇ ಕ್ಲಾಸು. ಸ್ಕೂಲಲ್ಲಿ ವರ್ಷಕ್ಕೆ ಕೆಲವು ಸಲ ಮ್ಯಾಪ್ ಅಂತ ಕಂಪ್ಯೂಟರ್ ಪರೀಕ್ಷೆ ಮಾಡುತ್ತಾರೆ. ಅದರ ಗಣಿತದಲ್ಲಿ ಆಗಸ್ಟ್‌ನಲ್ಲಿ 231 ಇತ್ತು, ಜನವರಿಯಲ್ಲಿ 228. ಟೀಚರ್ ಫೋನ್ ಮಾಡಿ, ಮೇ ತಿಂಗಳ ಪರೀಕ್ಷೆಯಲ್ಲಿ ಆತುರ ಪಡಬೇಡ ಅಂತ ಮಗನಿಗೆ ಹೇಳಿ ಎಂದರು. ಪಾಪ, ದನಿಯಲ್ಲಿ ಗಾಬರಿ ಇತ್ತು. ಮಕ್ಕಳ ಗ್ರೋತ್, ಅಂದರೆ ಅಂಕ ಎಷ್ಟು ಏರಿತು ಅಂತ ನೋಡಿ ಟೀಚರನ್ನು ಅಳೆಯುತ್ತಾರಂತೆ. ಬಹಳ ಒಳ್ಳೆಯವರು. ಇವನಿಂದ ಅವರಿಗೆ ಕಷ್ಟವಾಗುತ್ತಾ?

ಆಸ್ಟಿನ್ ರಾಯರು: ಹೆದರಬೇಡಿ. ಆ ಪರೀಕ್ಷೆಯಲ್ಲಿ ಸುಮಾರು 3 ಅಂಕ ಆಚೀಚೆ ಆಗುವುದು ಮಾಮೂಲು. ನಮ್ಮ ಟೆಕ್ಸಾಸ್‌ನಲ್ಲಿ 2019ರ ಕಾನೂನಿನಿಂದ ಟೀಚರ್ ಇನ್ಸೆಂಟಿವ್ ಅಲಾಟ್‌ಮೆಂಟ್ ಬಂತು, ಅಂದರೆ ಒಳ್ಳೆಯ ಟೀಚರ್‌ಗಳಿಗೆ ಹೆಚ್ಚು ಹಣ ಕೊಡುವ ಯೋಜನೆ. ಅದಕ್ಕೆ ಸೇರಿದ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಪಾಠದ ಅಬ್ಸರ್ವೇಶನ್ ಜೊತೆ ಮಕ್ಕಳ ಗ್ರೋತನ್ನೂ ನೋಡುತ್ತವೆ. ನೋಡುವುದು ಇಡೀ ಕ್ಲಾಸನ್ನು, ಒಬ್ಬ ಹುಡುಗನನ್ನಲ್ಲ. ನಿಮ್ಮಲ್ಲಿ ಮ್ಯಾಪ್ ಲೆಕ್ಕಕ್ಕಿದೆಯಾ, ಜನವರಿಯದ್ದು ಸೇರುತ್ತಾ ಅಂತ ಸ್ಕೂಲಲ್ಲೇ ಕೇಳಿಬಿಡಿ.

ಎಡಿಸನ್ ಅಣ್ಣ: ಅಳೆದರೆ ತಪ್ಪೇನು? ಆಫೀಸಲ್ಲಿ ನಮಗೆ ಅಪ್ರೈಸಲ್ ಇಲ್ವಾ? ನನ್ನ ಮಗಳಿಗೆ ಒಂದನೇ ಕ್ಲಾಸಿಂದ ಕುಮಾನ್ ಟ್ಯೂಷನ್. ಈಗ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್. ಸ್ಕೂಲ್ ನೆಚ್ಚಿಕೊಂಡು ಕೂರಬಾರದು.

ಹ್ಯೂಸ್ಟನ್ ಅಕ್ಕ: ಅಣ್ಣಾ, ನಿಮ್ಮ ಅಪ್ರೈಸಲ್‌ನಲ್ಲಿ ಪಕ್ಕದ ಮನೆ ಹುಡುಗ ಸರಿಯಾಗಿ ನಿದ್ದೆ ಮಾಡಿದನಾ ಅಂತ ನೋಡುತ್ತಾರಾ? ನ್ಯೂಯಾರ್ಕ್‌ನ ಶೆರಿ ಲೆಡರ್‌ಮನ್ ಗೊತ್ತಾ? ಅವರೂ ನಾಲ್ಕನೇ ಕ್ಲಾಸಿನ ಟೀಚರ್ರೇ. ಗ್ರೋತ್ ಸ್ಕೋರ್ ಒಂದು ವರ್ಷ 20ಕ್ಕೆ 14, ಮರುವರ್ಷ 20ಕ್ಕೆ 1! ಮಕ್ಕಳ ಫಲಿತಾಂಶ ಹೆಚ್ಚುಕಡಿಮೆ ಹಾಗೇ ಇತ್ತು. ಆಗಲೇ ಮುಂದಿರುವ ಮಕ್ಕಳು ಇನ್ನೆಷ್ಟು ಏರಬೇಕು? 2016ರಲ್ಲಿ ಕೋರ್ಟು ಆ ಸ್ಕೋರನ್ನೇ ತಳ್ಳಿಹಾಕಿತು. ಅಂಕಗಳ ಏರಿಳಿತದಲ್ಲಿ ಟೀಚರ್ ಪಾಲು 1ರಿಂದ 14 ಶೇಕಡಾ ಅಷ್ಟೇ ಅಂತ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ. ಇದನ್ನು 2014ರಲ್ಲಿ ಬರೆದದ್ದು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ, ನಾನಲ್ಲ. ನಮ್ಮೂರಲ್ಲೂ ಕೇಸಾಯಿತು. ಟೀಚರ್ ಸ್ಕೋರ್ ಲೆಕ್ಕ ಹಾಕೋ ಸೂತ್ರ ಒಂದು ಖಾಸಗಿ ಕಂಪನಿಯ ಗುಟ್ಟು, ಟೀಚರ್‌ಗಳು ಪರಿಶೀಲಿಸೋ ಹಾಗೇ ಇರಲಿಲ್ಲ. ಇದು ಮೌಲ್ಯಮಾಪನ ಅಲ್ಲ, ಲಾಟರಿ!

ಎಡಿಸನ್ ಅಣ್ಣ: ಹಾಗಾದರೆ ಕೆಟ್ಟ ಟೀಚರ್‌ಗಳನ್ನು ಪತ್ತೆ ಮಾಡೋದು ಹೇಗೆ? ಅದನ್ನು ಹೇಳಿ.

ಹ್ಯೂಸ್ಟನ್ ಅಕ್ಕ: ಕ್ಲಾಸಲ್ಲಿ ಹೋಗಿ ಕೂತು ನೋಡಲಿ. ಕಂಪ್ಯೂಟರ್ ಯಾಕೆ ಬೇಕು?

ಹಾಸನದವನು, ಸಿಯಾಟಲ್: ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಇಳಿದ ವರ್ಷ ಅವರಿಗೂ ನೋಟಿಸ್ ಬಂದಿತ್ತು. ಹುಡುಗರು ಕಾಫಿ ಕೊಯ್ಲಿಗೆ ಹೋಗಿ ತಿಂಗಳುಗಟ್ಟಲೆ ಬರುತ್ತಿರಲಿಲ್ಲ ಅನ್ನೋದನ್ನು ಯಾರೂ ಕೇಳಲಿಲ್ಲ. ನಾನು ಆಗ ಅವರ ಮೇಲೇ ರೇಗುತ್ತಿದ್ದೆ.

ಡಾಲಸ್ ಅಮ್ಮ: ರಾಯರೇ, ಸ್ಕೂಲಲ್ಲಿ ಯಾರನ್ನು ಕೇಳಲಿ? ಟೀಚರನ್ನೇ ಕೇಳಿದರೆ ಅವರಿಗೆ ಮುಜುಗರ ಆಗಲ್ವಾ?

ಪ್ಲೇನೋ ಶೆಟ್ಟರು: ಎಡಿಸನ್ ಅಣ್ಣಾ, ಕುಮಾನ್‌ಗೆ ಈಗ ತಿಂಗಳಿಗೆ ಎಷ್ಟು?